ಎಕ್ಸ್‌ರೇ ಅಕ್ಕನ ಹಳೆಯ ಗ್ರಾಫಿಕ್ಸ್ ಕಾರ್ಡು

ಆಸ್ಪತ್ರೆಯಲ್ಲಿ ಅವಳನ್ನು ಎಲ್ಲರೂ ಎಕ್ಸ್‌ರೇ ಅಕ್ಕ ಎನ್ನುತ್ತಾರೆ. ನೆಲಮಾಳಿಗೆಯ ತಣ್ಣನೆಯ ಕೋಣೆಯಲ್ಲಿ ನಿಂತು ದಿನವಿಡೀ ಅವಳು ಜನರಿಗೆ ಹೇಳುವುದು ಎರಡೇ ಮಾತು: ಅಲ್ಲಾಡಬೇಡಿ, ಉಸಿರು ಹಿಡಿದುಕೊಳ್ಳಿ. ಹೇಳುವವಳಿಗೇ ಅದು ಆಗದು. ಚಿತ್ರ ತೆರೆಯ ಮೇಲೆ ಮೂಡುವಷ್ಟರಲ್ಲಿ ಅವಳು ಮೇಜು ಒರೆಸಿ, ಬಾಗಿಲು ತೆರೆದು, ಮುಂದಿನ ರೋಗಿಯ ಹೆಸರು ಕೂಗಿ ಬಂದಿರುತ್ತಾಳೆ. ನಲವತ್ತು ದಾಟಿದ ಈ ಹೆಂಗಸು ಒಂದು ಕಡೆ ನೆಟ್ಟಗೆ ಕೂತದ್ದನ್ನು ಮನೆಯವರು ಕಂಡಿರುವುದು ಒಂದೇ ಹೊತ್ತಿನಲ್ಲಿ. ಊಟದ ಮೇಜಿಗೆ ಬಿಗಿದ ಸ್ಟೀರಿಂಗ್ ಹಿಡಿದು ಕಂಪ್ಯೂಟರಿನಲ್ಲಿ ಕಾರ್ ರೇಸ್ ಆಡುವಾಗ.

ಗಂಡ ದೂರದ ರೈಲುಗಳ ಗಾರ್ಡು, ಮನೆಯಲ್ಲಿರುವುದು ಅಪರೂಪ. ಉಳಿದವರು ಅವಳು ಮತ್ತು ಅತ್ತೆ. ಸೊಸೆ ಸಂಜೆ ಹೊತ್ತು ಹೀಗೆ ಕಾರು ಓಡಿಸುವುದನ್ನು ಅತ್ತೆ ಮೊದಲು ಆಕ್ಷೇಪಿಸಿದರು. ಆಮೇಲೆ ಹಿಂದೆ ಕುರ್ಚಿ ಹಾಕಿಕೊಂಡು ನೋಡತೊಡಗಿದರು. ಈಗ ಬೈಯುತ್ತಾರೆ. ಬೈಗುಳ ಸೊಸೆಗಲ್ಲ, ಅಡ್ಡ ಬರುವ ಕಾರುಗಳಿಗೆ.

ಅವಳದೊಂದು ತಂಡವಿದೆ. ಇಂಟರ್ನೆಟ್ಟಿನಲ್ಲಿ ಕೂಡಿದ ಜನ, ಯಾರ ಮುಖವನ್ನೂ ಯಾರೂ ಕಂಡಿಲ್ಲ. ಕ್ಯಾಪ್ಟನ್ ಇನ್ನೂ ಕಾಲೇಜಿನಲ್ಲಿ ಓದುವವನು. ಹೊಸ ಲೀಗಿನಲ್ಲಿ ತಂಡಕ್ಕೆ ಸಿಕ್ಕ ಸೀಟುಗಳಲ್ಲಿ ಒಂದು ಖಾಲಿ ಉಳಿದಿತ್ತು. ಅದಕ್ಕೆ ಇವಳೂ ಒಬ್ಬ ದಂತವೈದ್ಯನೂ ಕಾದಿದ್ದರು. ಭಾನುವಾರದ ರೇಸಿನಲ್ಲಿ ಇಬ್ಬರಲ್ಲಿ ಮೊದಲು ಮುಗಿಸಿದವರಿಗೆ ಸೀಟು. ಕೈಚಳಕದಲ್ಲಿ ಇವಳೇ ಮೇಲು ಎಂದು ಕ್ಯಾಪ್ಟನ್ ಒಪ್ಪುತ್ತಿದ್ದ. ಆದರೆ ಹತ್ತಾರು ಕಾರುಗಳು ಒಟ್ಟಿಗೆ ನುಗ್ಗುವ ಮೊದಲ ತಿರುವಿನಲ್ಲಿ ಇವಳ ಕಂಪ್ಯೂಟರು ತಡವರಿಸುತ್ತಿತ್ತು. ಚಿತ್ರ ಒಂದು ಕ್ಷಣ ನಿಂತುಬಿಡುತ್ತಿತ್ತು. ಮತ್ತೆ ಚಲಿಸುವಷ್ಟರಲ್ಲಿ ಇವಳ ಕಾರು ಯಾರದೋ ಬೆನ್ನಿಗೆ ಗುದ್ದಿರುತ್ತಿತ್ತು.

“ಅಕ್ಕ, ನಿಮ್ಮ ಗಾಡಿ ಚೆನ್ನಾಗಿದೆ, ಚಿತ್ರ ಮೂಡಿಸೋ ಗ್ರಾಫಿಕ್ಸ್ ಕಾರ್ಡು ಮುದಿಯಾಗಿದೆ. ಏನಾದ್ರೂ ಮಾಡಿ. ಇಲ್ದಿದ್ರೆ ಸೀಟು ಡಾಕ್ಟರಿಗೆ ಹೋಗುತ್ತೆ, ಆಮೇಲೆ ನನ್ನ ಬೈಕೋಬೇಡಿ,” ಎಂದ ಕ್ಯಾಪ್ಟನ್.

ಅಂದಿನಿಂದ ಅವಳು ಕಾಲು ಸುಟ್ಟ ಬೆಕ್ಕಿನಂತಾದಳು. ಕಂಪ್ಯೂಟರ್ ರಿಪೇರಿಯವನ ಅಂಗಡಿಗೆ ಹೋಗಿ ಹೊಸ ಕಾರ್ಡಿನ ಬೆಲೆ ಕೇಳಿದಳು, ಪವರ್ ಸಪ್ಲೈಯನ್ನೂ ಬದಲಾಯಿಸಬೇಕೆಂದು ಕೇಳಿ ಎದ್ದು ಬಂದಳು, ಮರುದಿನ ಮತ್ತೆ ಹೋದಳು. ಹಳೆಯ ಕಾರ್ಡನ್ನೇ ಓವರ್‌ಕ್ಲಾಕ್ ಮಾಡಿದರೆ ಹೇಗೆ ಎಂದು ವಿಚಾರಿಸಿದಳು. ಎಂದರೆ, ತಯಾರಿಸಿದವರು ಗೊತ್ತುಮಾಡಿದ ವೇಗಕ್ಕಿಂತ ಹೆಚ್ಚಿನ ವೇಗದಲ್ಲಿ ಅದನ್ನು ದುಡಿಸುವುದು. ಹಿಂಡಿದರೆ ಸ್ವಲ್ಪ ಸಿಗುತ್ತದೆ, ಜೊತೆಗೆ ಕಾವೂ ಏರುತ್ತದೆ, ಸುಟ್ಟುಹೋದರೆ ತನ್ನ ಹತ್ತಿರ ತರಬಾರದು ಎಂದು ಅವನು ನೇರವಾಗಿ ಹೇಳಿದ.

ಆಸ್ಪತ್ರೆಗೆ ಕಲಿಯಲು ಬರುವವರು ಚಿತ್ರ ಮಸುಕಾದ ಕೂಡಲೇ ಕಿರಣದ ಪ್ರಮಾಣ ಏರಿಸಲು ಹೊರಡುತ್ತಾರೆ. ಮೊದಲು ಕಾರಣ ಹುಡುಕಿ, ಆಮೇಲೆ ಗುಂಡಿ ಮುಟ್ಟಿ ಎಂದು ಅವಳು ಅವರನ್ನು ತರಾಟೆಗೆ ತೆಗೆದುಕೊಳ್ಳುತ್ತಾಳೆ. ಆ ವಿವೇಕ ಅವಳ ಜೊತೆ ಮನೆಯ ಮೆಟ್ಟಿಲು ಹತ್ತಲಿಲ್ಲ. ಅಂದು ಸಂಜೆ ಚಪ್ಪಲಿಯನ್ನೂ ಬಿಡದೆ ಕಂಪ್ಯೂಟರಿನ ಮುಂದೆ ನಿಂತು ಕಾರ್ಡಿನ ವೇಗವನ್ನು ಒಂದು ಹಂತ ಏರಿಸಿದಳು. ಏನೂ ಆಗಲಿಲ್ಲ. ಇನ್ನೊಂದು ಹಂತ ಏರಿಸಿದಳು. ಮೂರನೆಯದಕ್ಕೆ ತೆರೆಯ ತುಂಬ ಹಸಿರು ಚುಕ್ಕೆಗಳು ಎದ್ದವು. ಅತ್ತೆ ಅದನ್ನು ಆಟದೊಳಗಿನ ಮಳೆ ಎಂದುಕೊಂಡು, ಟೈರು ಬದಲಾಯಿಸು ಎಂದರು. ಒಂದು ಹಂತ ಇಳಿಸಿದಾಗ ಚುಕ್ಕೆ ಹೋಯಿತು, ತಿರುವಿನ ತಡವರಿಕೆಯೂ ಹೆಚ್ಚುಕಡಿಮೆ ಹೋಯಿತು. ಬಿಸಿ ಮಾತ್ರ ಉಳಿಯಿತು.

ಆ ಮನೆಯ ಕಿಟಕಿ ಪಕ್ಕದ ಲಾಂಡ್ರಿಯ ಹಿಂಗೋಡೆಗೆ ತೆರೆಯುತ್ತದೆ. ಅಲ್ಲಿಂದ ಬಿಸಿಗಾಳಿ ಹೊಡೆಯುವುದರಿಂದ ಕಿಟಕಿ ಸದಾ ಮುಚ್ಚಿರುತ್ತದೆ. ಕಂಪ್ಯೂಟರಿನ ಪಕ್ಕದ ತಗಡು ಬಿಚ್ಚಿ ಟೇಬಲ್ ಫ್ಯಾನನ್ನು ಅದರ ಕಡೆಗೇ ತಿರುಗಿಸಿಟ್ಟಳು. ಕಾರ್ಡಿನ ಶಾಖ ಎಷ್ಟೆಂದು ತೆರೆಯ ಮೂಲೆಯಲ್ಲಿ ಅಂಕಿ ಕಾಣುವಂತೆ ಮಾಡಿದಳು. ಈಗ ಹೊಸ ಪೀಡೆ ಶುರುವಾಯಿತು: ಅಂಕಿ ನೋಡಿದರೆ ರಸ್ತೆ ತಪ್ಪುತ್ತದೆ, ರಸ್ತೆ ನೋಡಿದರೆ ಅಂಕಿಯ ಚಿಂತೆ ಬಿಡುವುದಿಲ್ಲ. ಎರಡು ಸಲ ಗೋಡೆಗೆ ಗುದ್ದಿದ ಮೇಲೆ ಅಂಕಿಯನ್ನು ಅತ್ತೆಗೆ ಒಪ್ಪಿಸಿದಳು.

“ಎಂಬತ್ತೈದು ದಾಟಿದ ತಕ್ಷಣ ಹೇಳಿ ಅತ್ತೆ. ನಾನು ಈ ಗುಂಡಿ ಒತ್ತಿ ಕಾರ್ಡಿನ ವೇಗ ಇಳಿಸ್ತೀನಿ.”

“ನಿಮ್ಮ ಮಾವನ ಜ್ವರ ನೋಡಿದವಳು ನಾನು, ಇದೇನು ದೊಡ್ಡದು,” ಎಂದರು ಅತ್ತೆ.

ಭಾನುವಾರ ಮಧ್ಯಾಹ್ನ ರೇಸು ಶುರುವಾಯಿತು. ಅವಳ ಎಡಗಾಲು ಪೆಡಲಿನ ಮೇಲಿಲ್ಲದಾಗಲೆಲ್ಲ ನೆಲ ಕುಟ್ಟುತ್ತಿತ್ತು. ಮೊದಲ ತಿರುವಿನಲ್ಲಿ ಕಾರುಗಳು ಗುಂಪುಗೂಡಿದವು; ಚಿತ್ರ ನಿಲ್ಲಲಿಲ್ಲ. ಅವಳು ನುಸುಳಿಕೊಂಡು ಹೊರಬಂದಳು. ಹಿಂದಿನಿಂದ ಅತ್ತೆ ಎಪ್ಪತ್ತೆಂಟು ಎಂದರು, ಎಂಬತ್ತೊಂದು ಎಂದರು, ಎಂಬತ್ನಾಲ್ಕು ಎಂದರು. ದಂತವೈದ್ಯನ ನೀಲಿ ಕಾರು ಸ್ವಲ್ಪ ಮುಂದಿತ್ತು. ಅವಳು ಅದರ ಬೆನ್ನಿಗೆ ಅಂಟಿಕೊಂಡಳು. ಆಮೇಲೆ ಅತ್ತೆಯಿಂದ ಮಾತೇ ಇಲ್ಲ. ಶಾಖ ಅಲ್ಲೇ ನಿಂತಿದೆ ಎಂದು ಅವಳು ಸಮಾಧಾನ ಮಾಡಿಕೊಂಡಳು. ಕೊನೆಯ ಸುತ್ತಿನಲ್ಲಿ ಡಾಕ್ಟರು ತಿರುವನ್ನು ಅಗಲ ತೆಗೆದುಕೊಂಡು ಹೊರಗಿನ ಅಂಚಿಗೆ ಸರಿದ. ಇವಳು ಒಳಗಿನಿಂದ ನುಗ್ಗಿದಳು. ಕೂದಲೆಳೆಯಷ್ಟು ಅಂತರದಲ್ಲಿ ಅವನಿಗಿಂತ ಮೊದಲು ಗೆರೆ ದಾಟಿದಳು.

ಹೆಡ್‌ಫೋನಿನಲ್ಲಿ ಕ್ಯಾಪ್ಟನ್ ಸೀಟು ನಿಮ್ಮದೇ ಎನ್ನುತ್ತಿದ್ದ. ಅವಳ ಮೂಗಿಗೆ ಬಿಸಿ ಪ್ಲಾಸ್ಟಿಕ್ಕಿನ ವಾಸನೆ ಬಡಿಯಿತು. ಮೂಲೆಯ ಅಂಕಿ ನೋಡಿದಳು. ತೊಂಬತ್ತೆರಡು.

“ಅತ್ತೆ, ಇದು ಯಾವಾಗಿಂದ?”

“ನೀನು ಆ ನೀಲಿ ಕಾರಿನವನ ಹಿಂದೆ ಬಿದ್ದೆಯಲ್ಲ, ಆಗಿನಿಂದ.”

“ಹೇಳಿ ಅಂದಿದ್ದೆ.”

“ಹೇಳಿದ್ರೆ ನೀನು ಗುಂಡಿ ಒತ್ತಿಬಿಡ್ತಿದ್ದೆ. ಅವನು ಹೋಗಿಬಿಡ್ತಿದ್ದ.” ಅತ್ತೆಯ ದನಿಯಲ್ಲಿ ಪಶ್ಚಾತ್ತಾಪದ ಸುಳಿವಿರಲಿಲ್ಲ. “ಕಾರ್ಡು ಹೋದ್ರೆ ಇನ್ನೊಂದು ಬರುತ್ತೆ ಕಣೆ. ಆ ಡಾಕ್ಟರು ದಿನಾ ಅಗಲ ತಗೊಳ್ತಾನಾ?”

ಅವಳು ಜಗಳಕ್ಕೆ ಬಾಯಿ ತೆರೆದಳು, ಆದರೆ ಗೆದ್ದ ಸೀಟಿನ ಮೇಲೆ ಕೂತು ಆಡುವ ಜಗಳ ಅದು; ಹುರುಪು ಬರಲಿಲ್ಲ. ಕಾರ್ಡು ತಣ್ಣಗಾದ ಮೇಲೆ ಅದರ ವೇಗವನ್ನು ಮೊದಲಿದ್ದಲ್ಲಿಗೆ ಇಳಿಸಿ, ಅದೇ ತಿರುವಿನಲ್ಲಿ ಮತ್ತೆ ಓಡಿಸಿ ನೋಡಿದಳು. ಚಿತ್ರ ತಡವರಿಸಿತು, ಕಾರು ಗುದ್ದಿತು. ಲೀಗು ಮುಗಿಯಲು ತಿಂಗಳುಗಳು ಬೇಕು. ತೊಂಬತ್ತೆರಡರಲ್ಲಿ ಈ ಮುದಿ ಕಾರ್ಡು ಅಷ್ಟು ದಿನ ಬಾಳುವುದಿಲ್ಲ. ವೇಗ ಇಳಿಸಿದರೆ ಸೀಟು ಉಳಿಯುವುದಿಲ್ಲ. ಹೊಸ ಕಾರ್ಡು ಕೊಳ್ಳುವುದೋ ಬೇಡವೋ ಎಂದು ಇಷ್ಟು ದಿನ ಮೀನಮೇಷ ಎಣಿಸಿದ ಪ್ರಶ್ನೆಗೆ, ಸೋತಿದ್ದರೆ ಉತ್ತರ ಬೇಕಾಗುತ್ತಿರಲಿಲ್ಲ. ಗೆದ್ದದ್ದರಿಂದ ಬೇಕಾಯಿತು.

ಸೋಮವಾರ ಡ್ಯೂಟಿ ಮುಗಿದೊಡನೆ ಅವಳು ರಿಪೇರಿಯವನ ಅಂಗಡಿಗೆ ಹೋದಳು. ಈ ಸಲ ಬೆಲೆ ಕೇಳಲಿಲ್ಲ. ಹೊಸ ಕಾರ್ಡನ್ನೂ ಪವರ್ ಸಪ್ಲೈಯನ್ನೂ ಕಟ್ಟಲು ಹೇಳಿ, ಅವನು ರಟ್ಟಿನ ಪೆಟ್ಟಿಗೆ ಇಳಿಸುವಷ್ಟು ಹೊತ್ತು ಗಾಜಿನ ಬೀರುವಿನ ಮುಂದೆ ಅತ್ತಿಂದಿತ್ತ ನಡೆದಳು.

“ಇದನ್ನ ಹಿಂಡೋ ಅಗತ್ಯವೇ ಬೀಳಲ್ಲ ಮೇಡಂ. ಹಾಕಿ, ಆಡಿ, ಸುಮ್ನಿರಿ,” ಎಂದ ರಿಪೇರಿಯವನು.

“ಇಲ್ಲ, ಇಲ್ಲ, ಮುಟ್ಟಲ್ಲ,” ಎಂದಳು ಅವಳು. ಪೆಟ್ಟಿಗೆಯನ್ನು ಕಂಕುಳಲ್ಲಿ ಇರುಕಿಕೊಂಡು ಬಾಗಿಲವರೆಗೆ ಹೋಗಿ, ಅಲ್ಲಿಂದಲೇ ತಿರುಗಿದಳು. “ಆದ್ರೂ, ಸುಮ್ನೆ ಕೇಳ್ತೀನಿ, ಎಷ್ಟರವರೆಗೆ ಹೋಗುತ್ತೆ ಇದು?”