ಹವಾಲ್ದಾರರು ಕೊಟ್ಟ ಒಂದು ಆರ್ಡರ್

ಹವಾಲ್ದಾರರು ಕೂತಿದ್ದನ್ನು ಕಂಡವರು ಕಡಿಮೆ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವರು ಎಂದು ಹೆಂಡತಿ ಗೊಣಗುತ್ತಾರೆ. ಸೈಕಲ್ ಅಂಗಡಿಯ ಮೇಲಿನ ಒಂದು ಕೋಣೆಯಲ್ಲಿ ನಿವೃತ್ತ ಸೈನಿಕರಿಗೆ ನೆರವಾಗುವ ಸಂಘವಿದೆ. ಹನ್ನೊಂದು ವರ್ಷದಿಂದ ಅಲ್ಲಿ ಸಂಬಳವಿಲ್ಲದ ದುಡಿಮೆ. ಅರ್ಜಿ ಬರೆದುಕೊಡುವುದು ಅರ್ಧ ಕೆಲಸ. ಮಿಕ್ಕರ್ಧ, ಮೆಡಿಕಲ್ ಬೋರ್ಡಿನ ಮುಂದೆ ನೋವನ್ನು ನೋವು ಎನ್ನಲು ಕಲಿಸುವುದು. ನಗಬೇಡಿ. ಗುಂಡಿಗೆ ಎದೆಯೊಡ್ಡಿದವರು ಡಾಕ್ಟರ ಎದುರು "ಏನೂ ತೊಂದ್ರೆ ಇಲ್ಲ ಸರ್" ಎಂದು ತಮ್ಮ ಅರ್ಜಿಗೆ ತಾವೇ ಕಲ್ಲು ಹಾಕಿಕೊಂಡು ಬರುತ್ತಾರೆ. ಹವಾಲ್ದಾರರೂ ಹಾಗೆ ಬಂದವರೇ. ಅವರ ಎಡಗಿವಿ ಫಿರಂಗಿಯ ಸದ್ದಿಗೆ ಕಿವುಡಾಗಿದೆ. ಬೋರ್ಡಿನ ಕಾಗದದಲ್ಲಿ ಮಾತ್ರ ಅದಕ್ಕೆ ಇನ್ನೂ ಚೆನ್ನಾಗಿ ಕೇಳಿಸುತ್ತದೆ.

ಇವತ್ತು ಡ್ರೈವರನ ಸರದಿ. ಹವಾಲ್ದಾರರದೇ ತುಕಡಿಯಲ್ಲಿ ಹದಿನಾರು ವರ್ಷ ಲಾರಿ ಓಡಿಸಿದ ಗೆಳೆಯ. ಬಲ ಮಂಡಿ ಸವೆದು ಹೋಗಿದೆ. ಆಪರೇಷನ್ನಿಗೆ ಬೋರ್ಡು ಎರಡು ಸಲ ಒಪ್ಪಿಲ್ಲ. ಇದು ಮೂರನೆಯ ಸಲ, ಇದೇ ಕೊನೆ.

"ಕುಂಟ್ಕೊಂಡೇ ಹೋಗಪ್ಪಾ. ಪರೇಡ್ ಅಲ್ಲ ಅದು," ಎಂದರು ಹವಾಲ್ದಾರರು, ಬೋರ್ಡಿನ ಕೋಣೆಯ ಬಾಗಿಲಲ್ಲಿ.

"ಗೊತ್ತು ಬಿಡೋ. ಗಿಳಿಗೆ ಪಾಠ ಹೇಳ್ದಂಗೆ ಹೇಳ್ಬೇಡ."

ಡ್ರೈವರ್ ಒಳಗೆ ಹೋದ, ಬಾಗಿಲು ಮುಚ್ಚಿತು. ಜೊತೆಗೆ ಬಂದವರಿಗೆ ಒಳಗೆ ಪ್ರವೇಶವಿಲ್ಲ. ಹವಾಲ್ದಾರರು ಕಾರಿಡಾರಿನ ಆ ತುದಿಗೆ ಹೋದರು, ಬಂದರು, ಮತ್ತೆ ಹೋದರು. ಗೋಡೆಯ ಸೂಚನೆಗಳನ್ನೆಲ್ಲ ಎರಡೆರಡು ಸಲ ಓದಿದರು. ಒಂದಕ್ಷರ ತಲೆಗೆ ಹತ್ತಲಿಲ್ಲ. ಕೊನೆಗೆ ನಾಚಿಕೆ ಬಿಟ್ಟು ಬಾಗಿಲಿಗೆ ಬಲಗಿವಿ ಹಚ್ಚಿದರು.

ಟಕ್! ಹಿಮ್ಮಡಿಗಳು ಕೂಡಿದ ಸದ್ದು.

ಕೆಟ್ಟಿತು ಕೆಲಸ. ಡಾಕ್ಟರ ಹೆಗಲ ಮೇಲಿನ ನಕ್ಷತ್ರ ಕಂಡದ್ದೇ ತಡ, ಈ ಪುಣ್ಯಾತ್ಮ ಅಟೆನ್ಷನ್ನಿಗೆ ನಿಂತಿದ್ದಾನೆ.

"ಮಂಡಿ ಹೇಗಿದೆ?" ಡಾಕ್ಟರ ದನಿ.

"ಏನೂ ತೊಂದ್ರೆ ಇಲ್ಲ ಸರ್!"

ಹವಾಲ್ದಾರರಿಗೆ ಮೈಯೆಲ್ಲ ಉರಿದುಹೋಯಿತು. ಬಾಗಿಲು ದೂಡಿ ಒಳನುಗ್ಗಿ, ಮೈದಾನದ ಹಳೆಯ ದನಿಯಲ್ಲಿ ಕೂಗಿದರು: "ವಿಶ್ರಾಮ್!"

ಡಾಕ್ಟರು ಬೆಚ್ಚಿಬಿದ್ದರು. ಡ್ರೈವರನ ಕಾಲು ಮಾತ್ರ ಮರುಯೋಚನೆಯಿಲ್ಲದೆ ಆರ್ಡರ್ ಪಾಲಿಸಿತು. ಎಡಗಾಲು ಎತ್ತಿ ಪಕ್ಕಕ್ಕಿಡುವಷ್ಟರಲ್ಲಿ ಇಡೀ ಭಾರ ಬಲ ಮಂಡಿಯ ಮೇಲೆ ಬಿತ್ತು. ಮಂಡಿ ಮಡಚಿತು. "ಅಮ್ಮಾ!" ಎಂದು ಅವನು ನೆಲಕ್ಕೆ ಕುಸಿದ. ಡಾಕ್ಟರು ಓಡಿಬಂದು ಮಂಡಿ ಮುಟ್ಟಿ ನೋಡಿದರು. ಹವಾಲ್ದಾರರಿಗೆ ಚೆನ್ನಾಗಿ ಬೈದರು, ಆಮೇಲೆ ಆಪರೇಷನ್ನಿಗೆ ಸಹಿ ಹಾಕಿದರು.

ಗೆದ್ದರೂ ಹವಾಲ್ದಾರರಿಗೆ ಸಮಾಧಾನವಿಲ್ಲ. ಗೆಳೆಯನನ್ನು ಮೇಲಿನವರ ಎದುರು ನೆಲಕ್ಕೆ ಕೆಡವಿದ್ದರು. ಯಾವಾಗಲೂ ಅವರ ಬಲಕ್ಕೆ ನಡೆಯುವ ಡ್ರೈವರ್ ಇವತ್ತು ಬೇಕೆಂದೇ ಎಡಕ್ಕೆ ಬಂದು, ಬಸ್ ಸ್ಟಾಪಿನವರೆಗೂ ಕಿವುಡು ಕಿವಿಗೆ ಏನೋ ಒದರುತ್ತಲೇ ನಡೆದ. ಬೈಗುಳವೇ ಇರಬೇಕು. ಏನೆಂದು ಹವಾಲ್ದಾರರು ಕೇಳಲಿಲ್ಲ.

ಬಸ್ಸು ಬಂದು ನಿಂತಿತು. ಡ್ರೈವರ್ ಮೆಟ್ಟಿಲು ನೋಡಿದ. ಸುತ್ತಿ ಹವಾಲ್ದಾರರ ಬಲಗಡೆಗೆ ಬಂದ.

"ಕೈ ಕೊಡೋ," ಎಂದ. "ನನ್ ಕೈಲಿ ಹತ್ತಕ್ಕಾಗಲ್ಲ."