ಮುಸಕಿ ಬಿಚ್ಚಿದಾಕಿ ನಾನು

ನಮ್ಮ ನಾಯಿ ಕೆಟ್ಟದ್ದಿತ್ತು. ಇದನ್ನ ಮೊದಲ ಹೇಳಿಬಿಡ್ತೀನಿ. ನಾಯಿ ಬಗ್ಗೆ ಬರಿಯೋರೆಲ್ಲಾ ಅದರ ನಿಯತ್ತು ಹೊಗಳಕೋತ ಕೂಡ್ತಾರ, ನನಗ ಅದು ಸೇರೂದಿಲ್ಲ. ಎಪ್ಪತ್ತರ ದಶಕದ ಕೊನೆ ವರ್ಷಗಳು ಅವು. ಖಾನಾಪುರದಾಗ ನಮ್ಮಪ್ಪನ ಅಕ್ಕಿ ಗಿರಣಿ, ಗಿರಣಿಗೆ ಹತ್ತಿಕೊಂಡು ನಮ್ಮ ಮನಿ. ಭತ್ತದ ಚೀಲ ಕಾಯಾಕ ಅಂತ ಅಪ್ಪ ಬೆಳಗಾವಿ ಮಿಲಿಟರಿ ಕ್ಯಾಂಪಿನ ಒಂದು ಬಂಗಲಾದಿಂದ ಅದನ್ನ ಮರಿ ಇದ್ದಾಗ ತಂದಿದ್ದ. ಎರಡು ವರ್ಷದಾಗ ಕರುವಿನಷ್ಟು ಬೆಳೀತು. ಒಬ್ಬ ಹಮಾಲನ ಧೋತರ ಹರೀತು. ಟಪಾಲಿನವನ ಸೈಕಲ್ ಕೆಡವಿತು. ಆಮ್ಯಾಲೆ ಟಪಾಲಿನವ ಗೇಟಿನ ಹೊರಗ ನಿಂತು ಕಾಗದ ಒಗದು ಹೋಗತಿದ್ದ.

ಕ್ಯಾಂಪಿನಾಗ ಇಂಥಾ ನಾಯಿಗೆ ಬಾಯಿಗೆ ಚರ್ಮದ ಪಟ್ಟಿ ಹಾಕಿ ಅಡ್ಡಾಡಸ್ತಿದ್ರು. ನಾವು ಜೈನರು, ಚರ್ಮದ ಸಾಮಾನು ನಮ್ಮಾಯಿ, ಅಂದ್ರ ಅಪ್ಪನ ಅವ್ವ, ಹೊಸ್ತಿಲಾ ದಾಟಾಕ ಬಿಡತಿರಲಿಲ್ಲ. ಅದಕ್ಕ ಅಪ್ಪ ಎತ್ತಿನ ಮುಸಕಿ ತಂದ. ಕಣದಾಗ ಹಂತಿ ಹೊಡಿಯೂವಾಗ ಎತ್ತು ಕಾಳಿಗೆ ಬಾಯಿ ಹಾಕಬಾರದು ಅಂತ ಮೂತಿಗೆ ಕಟ್ಟೂ ಹಗ್ಗದ ಬಲಿ ಅದು. ಅದನ್ನ ಸಣ್ಣದು ಮಾಡಿಸಿ ನಾಯಿಗೆ ಬಿಗದ. ಬೆಳಿಗ್ಗೆ ಸಂಜಿಗೆ ತಾನೇ ಬಿಚ್ಚಿ ಉಣಿಸಿ, ಮತ್ತ ತಾನೇ ಕಟ್ಟತಿದ್ದ. "ನಾ ಇಲ್ಲದಾಗ ಯಾರೂ ಇದಕ್ಕ ಕೈ ಹಚ್ಚಬ್ಯಾಡ್ರಿ" ಅಂತ ಮನಿಮಂದಿಗೆಲ್ಲಾ ತಾಕೀತು ಮಾಡಿದ.

ಆಯಿ ಆ ಮುಸಕಿ ನೋಡಿ ಹೌಹಾರಿದಳು. ಯಾವದೋ ಚಾತುರ್ಮಾಸದಾಗ ಮುನಿಗಳ ಬಾಯಿಂದ ಆಕಿ ಒಂದು ಕಥಿ ಕೇಳಿದ್ದಳು. ಮೊದಲನೇ ತೀರ್ಥಂಕರರು ಹಿಂದೊಮ್ಮೆ ಎತ್ತಿನ ಬಾಯಿ ಕಟ್ರಿ ಅಂತ ಹೇಳಿದ್ರಂತ. ಆ ಕರ್ಮಕ್ಕ ತಿಂಗಳಗಟ್ಟಲೆ ಅವರಿಗೆ ಆಹಾರ ಸಿಗಲಿಲ್ಲಂತ.

"ಅಂಥವರನ್ನ ಬಿಡಲಾರದ್ದು ನಿನ್ನ ಬಿಡತದೇನೋ?" ಅಂತ ಅಪ್ಪನ್ನ ಕೇಳಿದಳು.

"ಕಥಿ ಕೇಳಿ ನಾಯಿ ಕಚ್ಚೂದು ಬಿಡತದೇನವ್ವಾ?" ಅಂತ ಅಪ್ಪ ನಕ್ಕ.

ನಗಬಾರದಿತ್ತು. "ಅದರ ಬಾಯಿ ಬಿಚ್ಚೂತನಕ ನನ್ನ ಬಾಯಾಗ ಹನಿ ನೀರು ಬೀಳೂದಿಲ್ಲ" ಅಂತ ಆಯಿ ಜಪಮಣಿ ಹಿಡದು ಕುಂತಳು. ಎಪ್ಪತ್ತು ದಾಟಿದ ಮುದುಕಿ. ಅಪ್ಪನೂ ಹಟಮಾರಿ, ಆಕಿ ಹೊಟ್ಟ್ಯಾಗ ಹುಟ್ಟಿದವನಲ್ಲೇನು! ಮೂರನೇ ದಿನ ಅಪ್ಪ ಮಷೀನಿನ ಸಾಮಾನು ತರಾಕ ಬೆಳಗಾವಿಗೆ ಹೋದ. ಮಧ್ಯಾಹ್ನ ಆಯಿ ಏಳಾಕ ಹೋಗಿ ಗೋಡಿಗೆ ಆತಳು. ತುಟಿ ಒಡದಿದ್ವು, ಕರದರ ಓಗೊಡಲಿಲ್ಲ. ನನಗ ಆಗ ಇಪ್ಪತ್ತು ವರ್ಷ. ಮುದುಕಿ ಸತ್ತರ ಏನ್ ಗತಿ ಅಂತ ಅಂಗಳಕ್ಕ ಓಡಿದೆ. ಗೇಟಿನ ಬಾಜು ಕಂಬಕ್ಕ ಸರಪಳಿ ಹಾಕಿದ್ದ ನಾಯಿ ನನ್ನ ನೋಡಿ ಬಾಲ ಅಲ್ಲಾಡಿಸ್ತು. ಸರಪಳಿ ಐತಲ್ಲ, ಏನಾಗತದ ಅಂತ ಮುಸಕಿ ಬಿಚ್ಚಿ, ತಲಿ ಸವರಿ, ಒಳಗ ಬಂದು ಆಯಿಗೆ ನೀರು ಕುಡಿಸಿದೆ.

ಆಯಿ ಎರಡನೇ ಗುಟುಕು ನುಂಗೂದ್ರಾಗ ಹೊರಗಿಂದ ಹೆಣಮಗಳ ಚೀರಾಟ ಕೇಳಿಸ್ತು.

ನುಚ್ಚು ಹಸನ ಮಾಡಾಕ ಬರೂ ಹೆಣಮಗಳು ಆಕಿ. ಗಂಡ ನಮ್ಮ ಗಿರಣ್ಯಾಗ ಹಮಾಲ. ಏಳು ತಿಂಗಳ ಬಸುರಿ. ಸರಪಳಿ ಉದ್ದ ಇತ್ತು, ನಾಯಿ ಹಾರಿ ಆಕಿ ಮೀನಖಂಡ ಹಿಡದಿತ್ತು. ನಾ ಸರಪಳಿ ಜಗ್ಗಿ ಬಿಡಿಸಿದೆ. ಹಲ್ಲು ಆಳಕ್ಕ ಇಳದಿದ್ವು. ಸಾಬಾಣ ಹಚ್ಚಿ ಬಿಂದಿಗಿಗಟ್ಟಲೆ ನೀರು ಸುರುವಿದೆ. ಆಕಿ ಕಾಲಿನ ಕಡೆ ನೋಡಲೇ ಇಲ್ಲ, ಎರಡೂ ಕೈಯಿಂದ ಹೊಟ್ಟಿ ಹಿಡಕೊಂಡು ಕುಂತಿದ್ದಳು.

ಸಂಜಿಗೆ ಬಂದ ಅಪ್ಪ ನನ್ನ ಬಾಜೂಕ ಕರದು, "ಮುಸಕಿ ಹರೀತು ಅಂತ ಹೇಳು. ಬಿಚ್ಚಿದ್ವಿ ಅಂದ್ರ ತಪ್ಪೆಲ್ಲಾ ನಮ್ಮ ಮ್ಯಾಲೆ ಬರತದ" ಅಂದ. ತಪ್ಪು ನಮ್ಮದೇ ಇತ್ತು, ಮತ್ಯಾರ ಮ್ಯಾಲೆ ಬರಬೇಕಿತ್ತು? ಆದರೂ ನಾ ಹೂಂ ಅಂದೆ, ಆಕಿಗೂ ಆಕಿ ಗಂಡಗೂ ಹಂಗ ಹೇಳಿದೆ.

ಮರುದಿನ ಮುಂಜಾನೆ ಗಂಡ ಹೆಂಡತಿ ಇಬ್ಬರನ್ನೂ ಕರಕೊಂಡು ಅಪ್ಪ, ನಾನು ಬೆಳಗಾವಿ ಡಾಕ್ಟರ ಕಡೆ ಹೋದ್ವಿ. ಆಗ ನಾಯಿ ಕಚ್ಚಿದರ ಹೊಕ್ಕಳದ ಸುತ್ತ ಹದಿನಾಲ್ಕು ಸೂಜಿ. ಡಾಕ್ಟರು ಆಕಿ ಹೊಟ್ಟಿ ನೋಡಿದ್ರು, ನಮ್ಮನ್ನ ನೋಡಿದ್ರು.

"ಈ ಹೊಟ್ಟಿಗೆ ಚುಚ್ಚಾಕ ನನಗೂ ಧೈರ್ಯ ಸಾಲವಲ್ದು. ಕಚ್ಚಿದ್ದು ಕಾಲಿಗೆ, ನಾಯಿ ನಿಮ್ಮ ಕೈಯಾಗ ಐತಿ. ಹತ್ತು ದಿನ ಅದು ನೆಟ್ಟಗ ಇದ್ರ ಹುಚ್ಚಿಲ್ಲ ಅಂತ ಅರ್ಥ, ಸೂಜಿನೂ ಬ್ಯಾಡ. ಆದ್ರ ಊಟ ಬಿಟ್ರ, ಜೊಲ್ಲು ಸುರಿಸಿದ್ರ, ತಪ್ಪಿಸಿಕೊಂಡು ಹೋದ್ರ, ತಡಾ ಮಾಡದ ಈಕಿನ್ನ ಕರಕೊಂಡು ಬರ್ರಿ. ಹುಚ್ಚು ಹತ್ತಿದ ಮ್ಯಾಲೆ ನನ್ನ ಕಡೆ ಔಷಧ ಇಲ್ಲ."

ನಾಯಿನ್ನ ತೌಡಿನ ಖೋಲ್ಯಾಗ ಹಾಕಿ ಕೀಲಿ ಜಡದ್ವಿ. ಓಣಿ ಮಂದಿ ಬಡಿಗಿ ಹಿಡದು ಬಂದ್ರು, "ಹೊರಗ ಬಿಡ್ರಿ, ಮುಗಿಸಿಬಿಡ್ತೀವಿ" ಅಂತ. ಅವರ ಸಿಟ್ಟು ಖರೇನ ಇತ್ತು. ಆದರ ನಾಯಿ ಸತ್ತರ ಆಕಿ ಹೊಟ್ಟಿಗೆ ಹದಿನಾಲ್ಕು ಸೂಜಿ. ಅಪ್ಪ ಬಾಗಲಕ್ಕ ಅಡ್ಡ ನಿಂತ. ಆಕಿ ಗಂಡ ಮಾತ್ರ ಬಡಿಗಿ ಹಿಡೀಲಿಲ್ಲ. ಮಾಲಕರ ಮುಂದ ಕೈಕಟಗೊಂಡು ನಿಂತು, "ಇವತ್ತ ಉಂಡೈತೇನ್ರಿ ಅಕ್ಕಾರ?" ಅಂತ ದಿನಕ್ಕ ನಾಕು ಸಲ ಕೇಳಿ ಹೋಗತಿದ್ದ. ಅದು ನೀರು ಕುಡೀತಂದ್ರ ನನಗ ಜೀವ ಬಂದಂಗ ಆಗತಿತ್ತು. ಕೆಮ್ಮಿದರ ಖೋಲಿ ಕಿಡಕಿಗೆ ಓಡತಿದ್ದೆ. ನನ್ನ ಜನ್ಮದಾಗ ಯಾವ ಮನಶ್ಯಾನ ಊಟಾನೂ ನಾ ಅಷ್ಟು ಕಣ್ಣಿಟ್ಟು ನೋಡಿಲ್ಲ.

ಆರನೇ ದಿನ ಮುಂಜಾನೆ ಅದು ಊಟ ಮುಟ್ಟಲಿಲ್ಲ.

ಗೋಡಿ ಕಡೆ ಮುಖ ಮಾಡಿ ಮಲಗಿತ್ತು. ಕರದೆ, ಬೈದೆ, ಕೈಮುಗದೆ. ಒಂದು ಕಣ್ಣು ತೆರದು ಮುಚ್ಚಿತು. ಅದರ ಬಾಯಂಚಿನಾಗ ಏನೋ ಹೊಳದಂಗ ಆತು, ಜೊಲ್ಲೋ ನನ್ನ ಅಂಜಿಕಿನೋ ಇವತ್ತಿಗೂ ಗೊತ್ತಿಲ್ಲ. ಅಪ್ಪ ಗಂಡ ಹೆಂಡತಿ ಇಬ್ಬರನ್ನೂ ಕರಕೊಂಡು ಬೆಳಗಾವಿ ಬಸ್ ಹತ್ತಿದ.

ಪೂಜಿ ಮುಗಿಸಿ ಊಟಕ್ಕ ಕುಂತ ಆಯಿ, ನಾ ಅಳೂದು ನೋಡಿ ಕಾರಣ ಕೇಳಿದಳು. ಹೇಳಿದೆ.

"ಅದು ಯಾಕ ಉಣ್ಣತದ ಹೇಳು? ಹೊತ್ತು ಹುಟ್ಟಿದ ಕೂಡ್ಲೆ ಕಿಡಕ್ಯಾಗಿಂದ ನಾಕು ರೊಟ್ಟಿ ತುಪ್ಪ ಹಚ್ಚಿ ಹಾಕೀನಿ. ಮೂಕಪ್ರಾಣಿನ್ನ ಕೂಡಿ ಹಾಕಿದ್ದು ಸಾಲದು ಅಂತ ಉಪಾಸ ಕೆಡವಿದ ಪಾಪಾನೂ ಬೇಕೇನು?"

ಹಿರೇರ ಮುಂದ ದನಿ ಏರಿಸಿದಾಕಿ ಅಲ್ಲ ನಾನು. ಅವತ್ತ ಕಿರಚಿದೆ. "ನಿನ್ನ ಪುಣ್ಯಕ್ಕ ಬೆಂಕಿ ಹಚ್ಚಲಿ! ಅಲ್ಲೆ ಒಂದು ಬಸುರಿ ಹೊಟ್ಟಿಗೆ ಸೂಜಿ ಚುಚ್ಚಾಕತ್ತಾರ!" ಆಯಿ ಕೈಯಾಗಿನ ತುತ್ತು ತಾಟಿಗೆ ಇಟ್ಟಳು. ನಾ ಚಪ್ಪಲಿ ಸೈತ ಮೆಟ್ಟಲಾರದ ಬಸ್ ಸ್ಟ್ಯಾಂಡಿಗೆ ಓಡಿದೆ.

ನಾ ದವಾಖಾನಿ ಮುಟ್ಟೂದ್ರಾಗ ಒಂದು ಸೂಜಿ ಆಗಿತ್ತು. ಆಕಿ ಬಾಕಿನ ಮ್ಯಾಲೆ ಮಲಗಿದ್ದಳು. ನನ್ನ ಮಾತು ಕೇಳಿದ ಡಾಕ್ಟರು ಅಪ್ಪನ ಮ್ಯಾಲೆ ಹರಿಹಾಯ್ದರು. "ಒಂದು ನಾಯಿ ಕಾಯಾಕ ಆಗೂದಿಲ್ಲೇನ್ರಿ ನಿಮ್ಮ ಮನಿಮಂದಿಗೆ?" ಸೂಜಿ ಅಲ್ಲಿಗೇ ನಿಲ್ಲಿಸಿದ್ರು. ವಾಪಸ್ ಬರೂವಾಗ ಬಸ್ಸಿನಾಗ ಆಕಿ ಸಣ್ಣ ದನೀಲೆ ನನಗ ಹೇಳಿದಳು, "ಕೂಸು ಮಿಸುಕವಲ್ದ್ರಿ ಅಕ್ಕಾರ."

ಮರುದಿನ ಮಧ್ಯಾಹ್ನ ಆಕಿ ಗಂಡ ಓಡಿ ಬಂದು, ಕೂಸು ಒದ್ದೈತಿ ಅಂತ ಹೇಳೂತನಕ ನಮ್ಮ ಮನ್ಯಾಗ ಒಲಿ ಹೊತ್ತಲಿಲ್ಲ.

ಹತ್ತು ದಿನ ಮುಗದವು. ನಾಯಿ ಗುಂಡಕಲ್ಲಿನಂಗ ಇತ್ತು. ಅಪ್ಪ ಅದನ್ನ ಕ್ಯಾಂಪಿನ ಬಂಗಲಾಕ್ಕ ವಾಪಸ್ ಕೊಟ್ಟು ಬಂದ. ಕಚ್ಚೂ ನಾಯಿಯ ಬಾಯಿ ಕಟ್ಟಬೇಕೋ ಬ್ಯಾಡೋ ಅಂತ ಯಾರರ ವಾದ ಹಾಕಿದರ ಇವತ್ತಿಗೂ ನನಗ ಸಿಟ್ಟು ಬರತದ. ಕಟ್ಟಬೇಕು, ಅಷ್ಟ.

ಹನ್ನೊಂದನೇ ದಿನ ನಾ ಒಬ್ಬಾಕಿನೇ ಆಕಿ ಮನಿಗೆ ಹೋದೆ. ಆಕಿ ಚಾಪಿ ಹಾಸಿ, "ಕುಂದರ್ರಿ ಅಕ್ಕಾರ" ಅಂದಳು. ನಾ ಕುಂಡ್ರಲಿಲ್ಲ.

"ಮುಸಕಿ ಹರದಿರಲಿಲ್ಲ. ನಾನೇ ಬಿಚ್ಚಿದ್ದೆ."

ಆಕಿ ನನ್ನ ಮಾರಿ ನೋಡಲಿಲ್ಲ.

"ಗೊತ್ತೈತ್ರಿ. ನಾ ಗೇಟಿನ ಹೊರಗ ನಿಂತು ನೋಡಿನ್ನಿ. ಅದರ ಅಂಜಿಕಿಗೆ ನಾ ದಿನಾ ಹಿತ್ತಲ ಬಾಗಲದಿಂದ ಬರಾಕಿ. ಅವತ್ತ ನೀವು ನಿಮ್ಮ ಕೈಲೆ ಬಿಚ್ಚಿ, ತಲಿ ಸವರಿದ್ರಿ. ಅಕ್ಕಾರೇ ಬಿಚ್ಯಾರಂದ್ರ ಇನ್ನ ಕಚ್ಚೂದಿಲ್ಲ ಅಂತ ತಿಳಕೊಂಡು ಮುಂದಿನ ಗೇಟಿನಿಂದ ಬಂದ್ನಿ."