ಸ್ಟೀಲ್ ನಳಿಗೆಯ ಹಿತ್ತಾಳೆ ಮಣಿ

ಮಾವನ ಕೋವಿಯ ಮಣಿ ಉದುರಿದ್ದಕ್ಕೆ ಅತ್ತೆಯೇ ಕಾರಣ. ಇದು ಮಾವನ ವಾದ. ಅತ್ತೆಯೂ ಅಲ್ಲವೆನ್ನಲಿಲ್ಲ. ಆಯುಧಪೂಜೆಯ ಹಿಂದಿನ ದಿನ ದೀಪ, ತಂಬಿಗೆ, ಹರಿವಾಣಗಳನ್ನೆಲ್ಲ ಹುಣಸೆಹುಳಿ ಹಚ್ಚಿ ತಿಕ್ಕುತ್ತಿದ್ದಾಗ, ಪೂಜೆಗೆಂದು ಹೊರಗೆ ತೆಗೆದಿಟ್ಟ ಕೋವಿ ಅವರ ಕಣ್ಣಿಗೆ ಬಿದ್ದಿದೆ. ಗುರಿ ಹಿಡಿಯಲೆಂದು ನಳಿಗೆಯ ತುದಿಯಲ್ಲಿ ಕೂರಿಸಿದ್ದ ಹಿತ್ತಾಳೆಯ ಮಣಿ ಕಪ್ಪಾಗಿತ್ತಂತೆ. ಹಿತ್ತಾಳೆ ಕಂಡ ಮೇಲೆ ಸುಮ್ಮನಿರುವವರಲ್ಲ ಅವರು. ತೆಂಗಿನ ನಾರಿನಿಂದ ತಿಕ್ಕಿದ ರಭಸಕ್ಕೆ ಮಣಿ ಎದ್ದು, ತೊಳೆದ ನೀರಿನ ಜೊತೆ ಬಸಳೆ ಚಪ್ಪರದ ಬುಡಕ್ಕೆ ಹೋಯಿತು.

ಮಾವನ ಗದ್ದೆ ಹಿರಿಯಡ್ಕದ ಹತ್ತಿರ. ಬೆಳೆ ಕಾಯಲು ಲೈಸೆನ್ಸ್ ಪಡೆದ ಕೋವಿ ಅದು. ಹಳೆಯದು ತುಕ್ಕು ಹಿಡಿಯಿತೆಂದು ಸ್ಟೇನ್‌ಲೆಸ್ ಸ್ಟೀಲ್ ನಳಿಗೆಯದನ್ನು ತೆಗೆದುಕೊಂಡಿದ್ದರು. ಹಂದಿ ಬಂದರೆ ಆಕಾಶಕ್ಕೆ ಒಂದು ಈಡು. ಹಂದಿ ಓಡುತ್ತದೆ, ಮಾವ ಬಂದು ಮಲಗುತ್ತಾರೆ. ಆಕಾಶಕ್ಕೆ ಹೊಡೆಯಲು ಗುರಿ ಎಂತಕ್ಕೆ ಎಂದು ನೀವು ಕೇಳಬಹುದು. ಗುರಿ ಬೇಕಾಗುವುದು ಆಯುಧಪೂಜೆಗೆ. ಪೂಜೆ ಮುಗಿದ ಮೇಲೆ ಗುಡ್ಡೆ ಕಡಿದ ಮಣ್ಣಿನ ಗೋಡೆಗೆ, ಅಂದರೆ ದರೆಗೆ, ಒರಗಿಸಿಟ್ಟ ತೆಂಗಿನಕಾಯಿಯನ್ನು ಮಾವ ಒಂದೇ ಈಡಿಗೆ ಒಡೆಯುವುದು ಆ ಮನೆಯ ಕ್ರಮ. ಆ ವರ್ಷ ಈಡು ಹಾರಿತು, ಕಾಯಿ ಇಟ್ಟಲ್ಲೇ ಇತ್ತು.

"ಮಣಿ ಇಲ್ಲದೆ ಹೊಡೆಯುವುದು ಹೇಗೆ?" ಎಂದು ಮಾವ ಗುಡುಗಿದರು.

"ಕಾಯಿಗೆ ತಾಗದ ಕೋವಿ ಮನೆಯಲ್ಲಿ ಯಾಕೆ? ಠಾಣೆಗೆ ಒಪ್ಪಿಸಿ ಬಿಡುವ," ಎಂದರು ಅತ್ತೆ. ಹಾಸ್ಯಕ್ಕಲ್ಲ. ಹೊಸ ಮಣಿ ಕೂತ ಮೇಲೂ ಕಾಯಿ ಒಡೆಯದಿದ್ದರೆ ಕೋವಿ ಮನೆಯಿಂದ ಹೊರಗೆ ಎಂದು ತೀರ್ಮಾನವಾಯಿತು. ಕೋವಿ ಹೋದರೆ ಮಾವ ಅರ್ಧ ಮನುಷ್ಯರಾಗುತ್ತಾರೆಂದು ನನಗೆ ಗೊತ್ತಿತ್ತು.

ನಾನು ಮಣಿಪಾಲದ ಒಂದು ಲ್ಯಾಬಿನಲ್ಲಿ ಹಲ್ಲಿನ ಸೆಟ್ ಮಾಡುವವನು. ಚಿಕ್ಕ ವಸ್ತುವನ್ನು ಜಾರುವ ಜಾಗದಲ್ಲಿ ಕೂರಿಸುವುದೇ ನನ್ನ ಹೊಟ್ಟೆಪಾಡು. ಹಾಗಾಗಿ ಮಣಿಯ ಕೆಲಸ ಅಳಿಯನ ಪಾಲಿಗೆ ಬಂತು. ಕೋವಿಯಂಗಡಿಯಿಂದ ಮಾವ ತಂದ ಹೊಸ ಮಣಿ, ಮರಳು ಕಾಗದ, ಸ್ಪಿರಿಟ್, ಎರಡು ಟ್ಯೂಬುಗಳನ್ನು ಕಲಸಿ ಹಚ್ಚುವ ಅಂಟು, ಲ್ಯಾಬಿನ ಮೇಣ ಎಲ್ಲ ಹಿಡಿದು ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಕೂತೆ. ತೋಟಾ ಇಲ್ಲವೆಂದು ಮತ್ತೆ ಮತ್ತೆ ನೋಡಿಕೊಂಡೆ. ಸ್ಟೀಲು ಬಹಳ ಗರ್ವಿಷ್ಠ ಲೋಹ, ಯಾವುದನ್ನೂ ಅಂಟಿಸಿಕೊಳ್ಳುವುದಿಲ್ಲ. ಮಣಿ ಕೂರುವಷ್ಟು ಜಾಗದ ಹೊಳಪನ್ನು ಮರಳು ಕಾಗದದಿಂದ ತೆಗೆದು, ಸ್ಪಿರಿಟಿನಿಂದ ಒರೆಸಿದೆ. ಅಂಟು ಹಾಕುವ ಮೊದಲು ನೇರ ನೋಡಬೇಕಲ್ಲ, ಹಾಗಾಗಿ ಮಣಿಯನ್ನು ಚೂರು ಮೇಣದಲ್ಲಿ ನಿಲ್ಲಿಸಿ ಕೋವಿಯನ್ನು ಮಾವನ ಕೈಗೆ ಕೊಟ್ಟೆ.

ಮಾವ ಗತ್ತಿನಿಂದ ಹೆಗಲಿಗೇರಿಸಿ, ಒಂದು ಕಣ್ಣು ಮುಚ್ಚಿ, ದರೆಯ ಕಡೆಗೆ ಹಿಡಿದರು. ಒಳ್ಳೆಯ ಬಿಸಿಲು. ಮೇಣ ಮೆತ್ತಗಾಗಿ ಮಣಿ ಜಾರಿ ನನ್ನ ಕಾಲಬುಡದಲ್ಲಿ ಬಿತ್ತು. ನಾನು ಹೆಕ್ಕಿಕೊಂಡೆ.

"ಹಾಂ, ಸರಿ ಉಂಟು. ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಇನ್ನು ಅಂಟಿಸಿ ಮಾರಾಯ್ರೆ," ಎಂದರು ಮಾವ.

ನಗು ಬಂತು, ಅರ್ಧದಲ್ಲೇ ನಿಂತಿತು. ಇದು ಮಣಿಯ ಸಮಸ್ಯೆಯಲ್ಲ, ಕಣ್ಣಿನದು ಎಂದು ಹೊಳೆಯಿತು.

"ಮಾವ, ಮಣಿ ನನ್ನ ಕೈಯಲ್ಲಿ ಉಂಟು."

ಅವರು ಕೋವಿ ಇಳಿಸಿದರು. ಅಡುಗೆಮನೆಯ ಕಡೆಗೊಮ್ಮೆ ನೋಡಿ, ಸ್ವರ ತಗ್ಗಿಸಿ, "ಮಳೆಗಾಲದಿಂದ ಎಲ್ಲ ಮಂಜು ಮಂಜು. ನಿಮ್ಮ ಅತ್ತೆಗೆ ಹೇಳಬೇಡಿ. ಮೊದಲು ಕೋವಿ ಹೋಗ್ತದೆ, ಆಮೇಲೆ ಸ್ಕೂಟರಿನ ಕೀ," ಎಂದರು. ಅಷ್ಟು ದೊಡ್ಡ ಸ್ವರದ ಮನುಷ್ಯ ಹಾಗೆ ಪಿಸುಗುಟ್ಟಿದ್ದು ಕೇಳಿ ನನಗೆ ನಿಜವಾಗಿ ಸಂಕಟವಾಯಿತು.

"ಕಣ್ಣಿಗೆ ಪೊರೆ ಬಂದಿರಬಹುದು ಮಾವ. ಅದನ್ನು ತೆಗೀತಾರೆ. ನಾಡಿದ್ದು ನನ್ನೊಟ್ಟಿಗೆ ಮಣಿಪಾಲಕ್ಕೆ ಬನ್ನಿ. ಅಲ್ಲಿಯವರೆಗೆ ಕೋವಿ ಕಪಾಟಿನಲ್ಲಿರಲಿ."

"ಆಯ್ತು. ಆದರೆ ಮಣಿ ಮಾತ್ರ ಇವತ್ತೇ ಕೂರಿಸಿ."

ಕೂರಿಸಿದೆ. ಅಂಟು ಗಟ್ಟಿಯಾಗುವವರೆಗೆ ಬೆರಳಿನಲ್ಲಿ ಒತ್ತಿ ಹಿಡಿದೆ. ಮನಸ್ಸು ಮಾತ್ರ ಅಲ್ಲಿರಲಿಲ್ಲ.

ಮಾವನ ಹಲ್ಲಿನ ಸೆಟ್ಟಿಗೆ ಅಳತೆ ಕೊಡಲು ಹೋಗುವುದೆಂದು ಅತ್ತೆಗೆ ಹೇಳಿ ಹೊರಟೆವು. ಬಾಗಿಲಲ್ಲಿ ಅವರು ಮಾವನ ಕೈಗೆ ಚೀಲ ಕೊಟ್ಟು, ನನ್ನನ್ನು ಬದಿಗೆ ಕರೆದು, "ಎರಡು ಕಣ್ಣನ್ನೂ ಸರಿಯಾಗಿ ನೋಡಲಿಕ್ಕೆ ಹೇಳಿ," ಎಂದರು. ನಾನು ಪೆಚ್ಚಾದೆ. "ನಿನ್ನೆಯ ಪೇಪರ್ ಕೊಟ್ಟರೂ ಇವತ್ತಿನದೆಂದು ಓದ್ತಾರೆ. ನನಗೆ ಗೊತ್ತಾಗುವುದಿಲ್ವಾ? ಠಾಣೆಯ ಮಾತು ತೆಗೆದರಾದರೂ ಬಾಯಿ ಬಿಡ್ತಾರೋ ಅಂತ ನೋಡಿದೆ."

ಪೊರೆಯೇ ಆಗಿತ್ತು. ಒಂದರ ಹಿಂದೆ ಒಂದರಂತೆ ಎರಡೂ ಕಣ್ಣಿನ ಆಪರೇಷನ್ ಆಯಿತು. ಕಪ್ಪು ಕನ್ನಡಕ ಹಾಕಿಕೊಂಡು ಮಾವ ಜಗಲಿಯಲ್ಲಿ ದೊಡ್ಡ ಕಂಟ್ರಾಕ್ಟರನ ಗತ್ತಿನಲ್ಲಿ ಕೂರುತ್ತಿದ್ದರು. ಡಾಕ್ಟರು ಇನ್ನು ಚಿಂತೆಯಿಲ್ಲ ಎಂದ ವಾರವೇ ನನಗೆ ಬರಲು ಫೋನ್ ಬಂತು. ಹೋದಾಗ ದರೆಯ ಬುಡದಲ್ಲಿ ತೆಂಗಿನಕಾಯಿ ಸಿದ್ಧವಿತ್ತು. ಅತ್ತೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು.

ಮಾವ ಕೋವಿ ಎತ್ತಿದರು, ಒಂದು ಕಣ್ಣು ಮುಚ್ಚಿದರು. ಹಿಡಿದರು, ಹಿಡಿದೇ ಇದ್ದರು. ಈಡು ಹಾರಲಿಲ್ಲ. ಕಣ್ಣು ಇನ್ನೂ ಸರಿಯಾಗಿಲ್ಲವೋ ಎಂದು ನನಗೆ ಹೆದರಿಕೆಯಾಯಿತು. ಅತ್ತೆಯ ಮುಖದಲ್ಲೂ ಅದೇ ಹೆದರಿಕೆ.

ಮಾವ ಕೋವಿ ಇಳಿಸಿ ನನ್ನ ಕಡೆ ತಿರುಗಿದರು. "ಇದೆಂತ ಕೆಲಸ ಮಾರಾಯ್ರೆ? ಮಣಿ ಎಡಕ್ಕೆ ವಾಲಿದೆಯಲ್ಲ! ಹಲ್ಲನ್ನೂ ಹೀಗೆಯೇ ಕೂರಿಸುವುದಾ ನೀವು?"

ನನ್ನ ಕೆಲಸವನ್ನು ಯಾರಾದರೂ ಬೈದದ್ದಕ್ಕೆ ಅಷ್ಟು ಸಂತೋಷಪಟ್ಟದ್ದು ನನಗೆ ನೆನಪಿಲ್ಲ.